ಕೊಳ್ಳುವ ಮುಂಚೆ ಅಳೆಯಿರಿ: ವಾಣಿಜ್ಯ ಕಟ್ಟಡದ ಕರೆಂಟ್ ಖರ್ಚು ಇಳಿಸುವ ಸಮಗ್ರ ಮಾರ್ಗದರ್ಶಿ

ಆಫೀಸ್ ಇರಲಿ, ಆಸ್ಪತ್ರೆ, ಹೋಟೆಲ್, ಮಾಲ್ ಯಾವುದೇ ಇರಲಿ, ಕರೆಂಟ್ ಖರ್ಚು ಇಳಿಸಬೇಕು ಅಂದ ಕೂಡಲೇ ಶುರುವಾಗುವುದು ಖರೀದಿಯ ಮಾತು. ಹೊಸ ಚಿಲ್ಲರ್ (ಇಡೀ ಕಟ್ಟಡದ ಎಸಿಗೆ ನೀರು ತಂಪು ಮಾಡುವ ಯಂತ್ರ) ತರೋಣ, ಚಾವಣಿ ಮೇಲೆ ಸೋಲಾರ್ ಹಾಕಿಸೋಣ, ಲೈಟ್‌ಗಳನ್ನೆಲ್ಲ ಬದಲಾಯಿಸೋಣ ಅಂತ. ನಾನು ಹೇಳುವ ಕ್ರಮ ಇದಕ್ಕೆ ಉಲ್ಟಾ. ಮೊದಲು ಅಳೆಯಿರಿ. ಆಮೇಲೆ ಬೇಡದ್ದನ್ನು ಆಫ್ ಮಾಡಿ. ಆಮೇಲೆ ಇರುವ ಯಂತ್ರಗಳನ್ನೇ ಸರಿಯಾಗಿ ಓಡಿಸಿ. ಕೊಳ್ಳುವುದು ಕೊನೆಗೆ.

ಈ ಕ್ರಮಕ್ಕೆ ಕಾರಣ ಇದೆ. ಕಟ್ಟಡದ ಲೋಡ್, ಅಂದರೆ ಅದಕ್ಕೆ ಬೇಕಾಗುವ ತಂಪು ಮತ್ತು ಕರೆಂಟ್, ಇಳಿಸುವ ಮೊದಲೇ ಚಿಲ್ಲರ್ ಕೊಂಡರೆ ಬೇಕಾದ್ದಕ್ಕಿಂತ ದೊಡ್ಡದನ್ನು ಕೊಳ್ಳುತ್ತೀರಿ, ಮತ್ತು ಅದು ಇಪ್ಪತ್ತು ವರ್ಷ ನಿಮ್ಮ ಜೊತೆಗೇ ಇರುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನೂರಾರು ಕಟ್ಟಡಗಳ ಮಾಹಿತಿ ಒಟ್ಟು ಮಾಡಿ ನೋಡಿತ್ತು. ಹಳೆಯ ಕಟ್ಟಡಗಳಲ್ಲಿ ಇರುವ ವ್ಯವಸ್ಥೆಯನ್ನೇ ಪರೀಕ್ಷಿಸಿ ಸರಿಪಡಿಸಿದ್ದಕ್ಕೆ ನಡುಮಟ್ಟದ ಉಳಿತಾಯ ಶೇ 16 ಬಂದಿತ್ತು, ಹಾಕಿದ ಹಣ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ವಾಪಸ್ ಬಂದಿತ್ತು. ಹೊಸ ಯಂತ್ರ ಕೊಂಡು ಇಷ್ಟು ಬೇಗ ಹಣ ವಾಪಸ್ ಪಡೆಯುವುದು ತುಂಬಾ ಅಪರೂಪ.

ಹಂತ 1: ಬಿಲ್‌ಗಳನ್ನು ಒಂದೆಡೆ ಸೇರಿಸಿ

ಕನಿಷ್ಠ 12 ತಿಂಗಳ ಬಿಲ್ ಬೇಕು. ಮೂರು ವರ್ಷದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕರೆಂಟ್ ಮಾತ್ರ ಅಲ್ಲ, ಗ್ಯಾಸ್, ಡೀಸೆಲ್, ಹೊರಗಿನಿಂದ ಕೊಳ್ಳುವ ಬಿಸಿನೀರು ಅಥವಾ ತಂಪುನೀರು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಎಲ್ಲವನ್ನೂ ಯೂನಿಟ್‌ಗೆ, ಅಂದರೆ ಕಿಲೋವ್ಯಾಟ್ ಅವರ್‌ಗೆ, ತನ್ನಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್‌ನಷ್ಟು ಶಾಖ ಇರುತ್ತದೆ. ಆದರೆ ಜನರೇಟರ್‌ಗೆ ಹಾಕಿದರೆ ಅದರಿಂದ ಕರೆಂಟಾಗಿ ಸಿಗುವುದು ಮೂರು, ಮೂರೂವರೆ ಯೂನಿಟ್ ಅಷ್ಟೇ. ಹಾಗಾಗಿ ಸುಟ್ಟ ಡೀಸೆಲ್ ಅಥವಾ ಬಂದ ಕರೆಂಟ್, ಎರಡರಲ್ಲಿ ಒಂದನ್ನು ಮಾತ್ರ ಲೆಕ್ಕ ಹಿಡಿಯಿರಿ. ಎರಡನ್ನೂ ಬರೆದಿರುವ ವರದಿಗಳು ಬೇಕಾದಷ್ಟಿವೆ.

ವರ್ಷದ ಒಟ್ಟು ಯೂನಿಟ್‌ಗಳನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿ. ಪಾರ್ಕಿಂಗ್ ಜಾಗವನ್ನು ವಿಸ್ತೀರ್ಣಕ್ಕೆ ಸೇರಿಸಬೇಡಿ, ಸೇರಿಸಿದರೆ ಕಟ್ಟಡ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. 10,000 ಚದರ ಮೀಟರ್ ಕಟ್ಟಡ ವರ್ಷಕ್ಕೆ 15 ಲಕ್ಷ ಯೂನಿಟ್ ಬಳಸಿದರೆ ಚದರ ಮೀಟರಿಗೆ 150 ಯೂನಿಟ್. ಇದು ನಿಮ್ಮ ಕಟ್ಟಡದ ಮೂಲ ಸಂಖ್ಯೆ. ಇದನ್ನು ಅದೇ ಬಗೆಯ, ಅದೇ ಹವೆಯ ಕಟ್ಟಡದ ಜೊತೆ ಮಾತ್ರ ಹೋಲಿಸಿ. ಹಗಲಿರುಳು ನಡೆಯುವ ಆಸ್ಪತ್ರೆಯನ್ನು ಸಂಜೆ ಬಾಗಿಲು ಹಾಕುವ ಆಫೀಸಿಗೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ಉಪಯೋಗದ ಹೋಲಿಕೆ ಅಂದರೆ ನಿಮ್ಮದೇ ಕಟ್ಟಡದ ಹೋದ ವರ್ಷದ ಸಂಖ್ಯೆ.

ಬಿಲ್ ನೋಡುವಾಗ ಪವರ್ ಫ್ಯಾಕ್ಟರ್ (ಎಳೆದ ಕರೆಂಟ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಮತ್ತು ಗರಿಷ್ಠ ಬೇಡಿಕೆಯನ್ನೂ (ಒಮ್ಮೆಗೇ ಎಳೆದ ಅತಿ ಹೆಚ್ಚಿನ ಲೋಡ್) ಬರೆದಿಟ್ಟುಕೊಳ್ಳಿ. ಕೆಪಾಸಿಟರ್ ಹಾಕಿದರೆ ಪವರ್ ಫ್ಯಾಕ್ಟರ್ ಕಡಿಮೆ ಇದ್ದದ್ದಕ್ಕೆ ಬೀಳುವ ದಂಡ ತಪ್ಪುತ್ತದೆ, ಕೇಬಲ್ ಬಿಸಿಯಾಗುವುದು ಸ್ವಲ್ಪ ಕಡಿಮೆಯಾಗುತ್ತದೆ. ಯೂನಿಟ್‌ಗಳು ಅದರಿಂದ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಶೇ 20, 30 ಯೂನಿಟ್ ಉಳಿಸುತ್ತೇವೆ ಅಂತ ಡಬ್ಬ ಹಿಡಿದು ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಹಂತ 2: ರಾತ್ರಿಯ ಲೋಡ್ ಹುಡುಕಿ

ಇಡೀ ಕೆಲಸದಲ್ಲಿ ಒಂದೇ ಒಂದು ಅಳತೆ ಮಾಡಲು ಸಮಯ ಇದೆ ಅಂದರೆ ಇದನ್ನೇ ಮಾಡಿ. ಕಟ್ಟಡ ಖಾಲಿ ಇದ್ದಾಗ ಎಷ್ಟು ಕರೆಂಟ್ ಎಳೆಯುತ್ತಿದೆ?

ಹೆಚ್ಚಿನ ದೊಡ್ಡ ಮೀಟರ್‌ಗಳು 15 ಅಥವಾ 30 ನಿಮಿಷಕ್ಕೊಮ್ಮೆ ರೀಡಿಂಗ್ ಉಳಿಸಿಕೊಳ್ಳುತ್ತವೆ. ವಿದ್ಯುತ್ ಪೂರೈಸುವವರನ್ನು ಕೇಳಿ ಆ ಮಾಹಿತಿ ತರಿಸಿಕೊಳ್ಳಿ. ಅದಿಲ್ಲದಿದ್ದರೆ ರಾತ್ರಿ ಬಾಗಿಲು ಹಾಕುವಾಗ ಒಮ್ಮೆ, ಬೆಳಿಗ್ಗೆ ತೆಗೆಯುವಾಗ ಒಮ್ಮೆ ಮೀಟರ್ ಓದಿ ಬರೆದರೂ ಸಾಕು. ಒಂದು ವಾರದ ಗ್ರಾಫ್ ಎಳೆದು ನೋಡಿ.

ಲೆಕ್ಕ ಹೀಗೆ. ವಾರಕ್ಕೆ 168 ಗಂಟೆ. ದಿನಕ್ಕೆ 10 ಗಂಟೆಯಂತೆ ವಾರಕ್ಕೆ ಆರು ದಿನ ನಡೆಯುವ ಆಫೀಸ್‌ನಲ್ಲಿ ಜನ ಇರುವುದು 60 ಗಂಟೆ, ಉಳಿದ 108 ಗಂಟೆ ಅದು ಖಾಲಿ. ಮೇಲೆ ಹೇಳಿದ 15 ಲಕ್ಷ ಯೂನಿಟ್‌ನ ಕಟ್ಟಡದಲ್ಲಿ ಖಾಲಿ ಹೊತ್ತಿನ ಲೋಡ್ 80 ಕಿಲೋವ್ಯಾಟ್ ಇದೆ ಅಂದುಕೊಳ್ಳಿ. ವರ್ಷಕ್ಕೆ ಸುಮಾರು ನಾಲ್ಕೂವರೆ ಲಕ್ಷ ಯೂನಿಟ್ ಆಯಿತು, ಅಂದರೆ ಒಟ್ಟು ಖರ್ಚಿನಲ್ಲಿ ಶೇ 30, ಅದೂ ಒಬ್ಬರೂ ಇಲ್ಲದ ಹೊತ್ತಿನಲ್ಲಿ! ಇದರಲ್ಲಿ ಸರ್ವರ್, ಫ್ರಿಡ್ಜ್, ಸೆಕ್ಯುರಿಟಿ, ತುರ್ತು ದೀಪ ಇವೆಲ್ಲ ಇರಲೇಬೇಕು, ಸರಿ. ಆದರೆ ಅದರ ಅರ್ಧ ಇಳಿಸಿದರೂ ಕಟ್ಟಡದ ಬಳಕೆ ಶೇ 15 ಇಳಿಯುತ್ತದೆ, ಹೊಸದೇನೂ ಕೊಳ್ಳದೆ.

ಗ್ರಾಫ್‌ನಲ್ಲಿ ಇನ್ನೂ ಎರಡು ಕಡೆ ಕಣ್ಣು ಹಾಯಿಸಿ. ಬೆಳಿಗ್ಗೆ ಲೋಡ್ ಏರುವ ಹೊತ್ತಿಗೂ ಜನ ಬರುವ ಹೊತ್ತಿಗೂ ಎಷ್ಟು ಅಂತರ ಇದೆ? ಮತ್ತೆ, ರಜೆಯ ದಿನ ಗ್ರಾಫ್ ಹೇಗಿದೆ? ರಜೆಯ ದಿನವೂ ಕೆಲಸದ ದಿನದಂತೆಯೇ ಏರಿಳಿದರೆ ಟೈಮರ್‌ಗಳಿಗೆ ರಜೆಯ ಪಟ್ಟಿ ಯಾರೂ ಹಾಕಿಲ್ಲ ಅಂತ ಅರ್ಥ.

ಹಂತ 3: ರಾತ್ರಿ ಒಮ್ಮೆ ಸುತ್ತಿ, ಹಗಲು ಒಮ್ಮೆ ಸುತ್ತಿ

ರಾತ್ರಿ ಸುತ್ತು ಮೊದಲು. ಎಲ್ಲರೂ ಹೋದ ಒಂದೆರಡು ಗಂಟೆ ಬಿಟ್ಟು ಹೋಗಿ. ಕಿವಿ ತೆರೆದಿಟ್ಟುಕೊಳ್ಳಿ, ಫ್ಯಾನ್ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕೇಳಿಸುತ್ತದೆ. ಶೌಚಾಲಯದ ಎಕ್ಸಾಸ್ಟ್, ಪಾರ್ಕಿಂಗ್ ಫ್ಯಾನ್, ಅಡುಗೆಮನೆಯ ಹುಡ್, ಖಾಲಿ ಮೀಟಿಂಗ್ ರೂಮಿನ ಎಸಿ, ಉರಿಯುತ್ತಿರುವ ಸ್ಕ್ರೀನ್‌ಗಳು, ಎಲ್ಲವನ್ನೂ ಬರೆದುಕೊಳ್ಳಿ. ಪ್ಯಾನೆಲ್‌ಗಳ ಮುಂದೆ ನಿಂತು ಪ್ರತಿ ಸ್ವಿಚ್ ನೋಡಿ. 'ಆಟೋ'ದಲ್ಲಿ ಇರಬೇಕಾದದ್ದು 'ಹ್ಯಾಂಡ್'ನಲ್ಲಿ ಇದ್ದರೆ ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ಎಷ್ಟೇ ಆಫ್ ಅಂದರೂ ಆ ಫ್ಯಾನ್ ನಿಲ್ಲುವುದಿಲ್ಲ. ಯಾವಾಗಲೋ ಏನೋ ಕೆಟ್ಟಿತ್ತು, ಯಾರೋ ಹ್ಯಾಂಡ್‌ಗೆ ತಿರುಗಿಸಿದರು, ವಾಪಸ್ ತಿರುಗಿಸಲು ಮರೆತರು. ಹಳೆ ಕಟ್ಟಡಗಳಲ್ಲಿ ಇದು ಸಿಗದೇ ಇರುವುದೇ ಇಲ್ಲ ಅನ್ನಬಹುದು. ಹೊರಗಿನಿಂದ ನೋಡಿದರೆ ಸಾಕು, ಪ್ಯಾನೆಲ್ ಬಾಗಿಲು ತೆರೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು.

ಹಗಲು ಸುತ್ತಿಗೆ ತಾಪ ಮತ್ತು ತೇವಾಂಶ ಅಳೆಯುವ ಮೀಟರ್, ಬೆಳಕು ಅಳೆಯುವ ಲಕ್ಸ್ ಮೀಟರ್, ಕಾರ್ಬನ್ ಡೈಆಕ್ಸೈಡ್ ಮೀಟರ್ ತೆಗೆದುಕೊಂಡು ಹೋಗಿ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಈಗ ಹತ್ತು ಲಕ್ಷಕ್ಕೆ 420ರ ಆಸುಪಾಸು, ಅಂದರೆ ಸುಮಾರು 420 ಪಿಪಿಎಂ. ಜನ ತುಂಬಿದ ಹಾಲ್‌ನಲ್ಲೂ 500 ತೋರಿಸಿದರೆ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಹೊರಗಾಳಿಯನ್ನು ಒಳಗೆ ತಂದು ತಂಪು ಮಾಡುತ್ತಿದ್ದೀರಿ. 1,500 ತೋರಿಸಿದರೆ ಗಾಳಿ ಸಾಲುತ್ತಿಲ್ಲ, ಅಲ್ಲಿ ಉಳಿತಾಯದ ಯೋಚನೆ ಬಿಟ್ಟು ಮೊದಲು ಗಾಳಿ ಕೊಡಿ. ಜನರ ಆರೋಗ್ಯ ಕೆಡಿಸಿ ಉಳಿಸಿದ ಯೂನಿಟ್ ಉಳಿತಾಯ ಅಲ್ಲ.

ಥರ್ಮಲ್ ಕ್ಯಾಮೆರಾ ಇದ್ದರೆ ಗೋಡೆ, ಕಿಟಕಿಯ ಸೋರಿಕೆ ಕಾಣುತ್ತದೆ. ಆದರೆ ಒಳಗೂ ಹೊರಗೂ ತಾಪದಲ್ಲಿ ಒಂದು 10 ಡಿಗ್ರಿಯಾದರೂ ವ್ಯತ್ಯಾಸ ಇರುವ ಹೊತ್ತಿನಲ್ಲಿ ನೋಡಿದರೆ ಮಾತ್ರ ಚಿತ್ರ ಸ್ಪಷ್ಟ.

ಜನರ ಹತ್ತಿರ ಮಾತಾಡಿ. ಕ್ಲೀನಿಂಗ್ ಮಾಡುವವರು, ರಾತ್ರಿ ಪಾಳಿಯ ಗಾರ್ಡ್, ಪ್ಲಾಂಟ್ ಆಪರೇಟರ್, ಇವರಿಗೆ ಗೊತ್ತಿರುವಷ್ಟು ಮ್ಯಾನೇಜರ್‌ಗೂ ಗೊತ್ತಿರುವುದಿಲ್ಲ. ಯಾವ ಮೂಲೆ ಚಳಿ, ಎಲ್ಲಿ ಎಸಿ ಗಾಳಿ ಬರುವ ಜಾಗಕ್ಕೆ ರಟ್ಟು ಅಂಟಿಸಿದ್ದಾರೆ, ಯಾರು ಮೇಜಿನ ಕೆಳಗೆ ಹೀಟರ್ ಇಟ್ಟುಕೊಂಡಿದ್ದಾರೆ ಅಂತ ಕೇಳಿ. ಎಸಿ ಓಡುವ ರೂಮಿನಲ್ಲಿ ಹೀಟರ್ ಇದೆ ಅಂದರೆ ಆ ವ್ಯವಸ್ಥೆಯಲ್ಲಿ ಏನೋ ಕೆಟ್ಟಿದೆ. ಹೀಟರ್ ಕಿತ್ತುಕೊಳ್ಳಬೇಡಿ, ಕಾರಣ ಹುಡುಕಿ.

ಹಂತ 4: ಯಾವುದು ಎಷ್ಟು ತಿನ್ನುತ್ತಿದೆ?

ಈಗ ಒಟ್ಟು ಬಳಕೆಯನ್ನು ಪಾಲು ಮಾಡಿ: ಚಿಲ್ಲರ್ ಅಥವಾ ಎಸಿ, ಪಂಪ್, ಫ್ಯಾನ್, ಲೈಟ್, ಕಂಪ್ಯೂಟರ್ ಮತ್ತು ಪ್ಲಗ್‌ಗೆ ಹಾಕುವ ಉಳಿದೆಲ್ಲ, ಲಿಫ್ಟ್, ಬಿಸಿನೀರು, ಅಡುಗೆಮನೆ. ಸಬ್ ಮೀಟರ್ ಇದ್ದರೆ ಸುಲಭ. ಇಲ್ಲದಿದ್ದರೆ ಮುಖ್ಯ ಫೀಡರ್‌ಗಳಿಗೆ (ಒಂದೊಂದು ಭಾಗಕ್ಕೆ ಕರೆಂಟ್ ಒಯ್ಯುವ ದೊಡ್ಡ ಕೇಬಲ್‌ಗಳಿಗೆ) ಒಂದೆರಡು ವಾರ ತಾತ್ಕಾಲಿಕ ಲಾಗರ್, ಅಂದರೆ ಬಳಕೆಯನ್ನು ತಾನೇ ದಾಖಲಿಸುವ ಮೀಟರ್, ಹಾಕಿಸಿ. ಬರೀ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಸಾಲದು, ಪವರ್ ಫ್ಯಾಕ್ಟರ್ ಗೊತ್ತಿಲ್ಲದೆ ಆಂಪಿಯರ್‌ನಿಂದ ಕಿಲೋವ್ಯಾಟ್ ಸರಿಯಾಗಿ ಸಿಗುವುದಿಲ್ಲ.

ನೇಮ್‌ಪ್ಲೇಟ್ ನಂಬಿ ಲೆಕ್ಕ ಹಾಕಬೇಡಿ. ಮೋಟರ್ ಮೇಲೆ ಬರೆದಿರುವುದು ಅದು ಪೂರ್ತಿ ಲೋಡ್‌ನಲ್ಲಿ ಕೊಡಬಲ್ಲ ಶಕ್ತಿ, ಈಗ ಎಳೆಯುತ್ತಿರುವುದಲ್ಲ. ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ ಮೇಲೆ ಬರೆದ ವ್ಯಾಟ್‌ಗೂ ಅದು ದಿನನಿತ್ಯ ತಿನ್ನುವುದಕ್ಕೂ ಅಜಗಜಾಂತರ. ಎಲ್ಲ ಪಾಲುಗಳನ್ನು ಕೂಡಿದಾಗ ಬಿಲ್‌ಗೆ ಶೇ 5ರಿಂದ 10ರ ಒಳಗೆ ತಾಳೆಯಾಗಬೇಕು. ಆಗದಿದ್ದರೆ ಮುಂದೆ ಹೋಗಬೇಡಿ, ಏನನ್ನೋ ಬಿಟ್ಟಿದ್ದೀರಿ, ಇಲ್ಲವೇ ಗಂಟೆಗಳನ್ನು ತಪ್ಪಾಗಿ ಊಹಿಸಿದ್ದೀರಿ.

ಹಂತ 5: ಇರುವುದನ್ನೇ ಸರಿಯಾಗಿ ಓಡಿಸಿ

ಅತಿ ಕಡಿಮೆ ಖರ್ಚಿನಲ್ಲಿ ಅತಿ ಜಾಸ್ತಿ ಸಿಗುವುದು ಇಲ್ಲಿ, ಹಾಗಾಗಿ ಇಲ್ಲಿ ಸಮಯ ಕೊಡಿ.

ಮೊದಲು ವೇಳಾಪಟ್ಟಿ. ಪ್ರತಿ ಎಎಚ್‌ಯು (ಗಾಳಿಯನ್ನು ತಂಪು ಮಾಡಿ ರೂಮುಗಳಿಗೆ ಕಳಿಸುವ ಯಂತ್ರ), ಪ್ರತಿ ಎಕ್ಸಾಸ್ಟ್, ಪ್ರತಿ ಲೈಟ್ ಸರ್ಕ್ಯೂಟ್ ಯಾವಾಗ ಶುರು, ಯಾವಾಗ ಬಂದ್ ಅಂತ ಪಟ್ಟಿ ಮಾಡಿ, ಅಲ್ಲಿ ಜನ ಇರುವ ಹೊತ್ತಿನ ಪಕ್ಕಕ್ಕೆ ಬರೆಯಿರಿ. ಬೆಳಿಗ್ಗೆ ಎರಡು ಗಂಟೆ ಮುಂಚೆ ಎಸಿ ಹಾಕುವ ಅಭ್ಯಾಸ ಇದ್ದರೆ ಒಂದು ವಾರ ಒಂದೂವರೆ ಗಂಟೆ ಮುಂಚೆ ಹಾಕಿ ನೋಡಿ, ಆಮೇಲೆ ಒಂದು ಗಂಟೆ. ದೂರು ಬರುವವರೆಗೆ ತಗ್ಗಿಸುತ್ತಾ ಹೋಗಿ, ಬಂದಾಗ ಒಂದು ಹೆಜ್ಜೆ ಹಿಂದೆ ಬನ್ನಿ. ಹವೆ ನೋಡಿ ಶುರುವಾಗುವ ಹೊತ್ತನ್ನು ತಾನೇ ಲೆಕ್ಕ ಹಾಕುವ ಸೌಲಭ್ಯ ಅನೇಕ ಬಿಎಂಎಸ್‌ಗಳಲ್ಲಿ (ಕಟ್ಟಡದ ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಇದೆ, ಆದರೆ ಅದನ್ನು ಯಾರೂ ಆನ್ ಮಾಡಿರುವುದಿಲ್ಲ.

ಎರಡನೆಯದು, ಒಂದೇ ಹೊತ್ತಿಗೆ ತಂಪು ಮಾಡುವುದು ಮತ್ತು ಬಿಸಿ ಮಾಡುವುದು. ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಪೋಲು ಇನ್ನೊಂದಿಲ್ಲ. ಎಸಿಗೆ ಗುರಿ 23, ಹೀಟಿಂಗ್‌ಗೂ 23 ಅಂತ ಇಟ್ಟರೆ ಎರಡೂ ದಿನವಿಡೀ ಹಗ್ಗಜಗ್ಗಾಟ ಆಡುತ್ತವೆ. ನಡುವೆ ಮೂರು ಡಿಗ್ರಿ ಅಂತರ ಬಿಡಿ, ಉದಾಹರಣೆಗೆ 21ಕ್ಕಿಂತ ಕೆಳಗೆ ಹೋದರೆ ಬಿಸಿ, 24ಕ್ಕಿಂತ ಮೇಲೆ ಹೋದರೆ ತಂಪು. ಅಂತರ ಬಿಟ್ಟ ಮೇಲೂ ಹೀಗಾಗುತ್ತಿದ್ದರೆ ಸೋರುವ ವಾಲ್ವ್ ಇರಬೇಕು. ಪರೀಕ್ಷೆ ಸುಲಭ. ಬಿಸಿನೀರಿನ ವಾಲ್ವ್‌ಗೆ ಪೂರ್ತಿ ಮುಚ್ಚುವ ಆದೇಶ ಕೊಡಿ, ಹತ್ತಿಪ್ಪತ್ತು ನಿಮಿಷ ಬಿಡಿ, ಕಾಯಿಲ್‌ನ (ಆ ನೀರು ಹರಿಯುವ ಕೊಳವೆಯ ಸುರುಳಿ) ಮುಂಚೆ ಮತ್ತು ಆಮೇಲೆ ಗಾಳಿಯ ತಾಪ ಅಳೆಯಿರಿ. ವ್ಯತ್ಯಾಸ ಉಳಿದಿದ್ದರೆ ವಾಲ್ವ್ ಸೋರುತ್ತಿದೆ.

ಆಮೇಲೆ ಸೆನ್ಸರ್. ಗೋಡೆಯ ತಾಪದ ಸೆನ್ಸರ್ ಮೇಲೆ ಬಿಸಿಲು ಬೀಳುತ್ತಿದೆಯಾ, ಪಕ್ಕದಲ್ಲಿ ಪ್ರಿಂಟರ್ ಇದೆಯಾ ನೋಡಿ. ಎರಡು ಡಿಗ್ರಿ ತಪ್ಪು ಹೇಳುವ ಒಂದು ಸೆನ್ಸರ್ ಒಂದು ಇಡೀ ಮಹಡಿಯನ್ನು ಕೊರೆಯುವಂತೆ ಮಾಡುತ್ತದೆ. ಒಳ್ಳೆಯ ಥರ್ಮಾಮೀಟರ್ ಪಕ್ಕಕ್ಕೆ ಹಿಡಿದು ಎಲ್ಲವನ್ನೂ ಒಮ್ಮೆ ತಾಳೆ ನೋಡಿ.

ಫ್ಯಾನ್ ಮತ್ತು ಪಂಪ್‌ಗಳ ವಿಷಯದಲ್ಲಿ ಭೌತಶಾಸ್ತ್ರ ನಿಮ್ಮ ಕಡೆಗಿದೆ. ಗಾಳಿ ಅಥವಾ ನೀರಿನ ಹರಿವು ವೇಗದಷ್ಟೇ ಇಳಿಯುತ್ತದೆ, ಆದರೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ವೇಗ ಶೇ 80ಕ್ಕೆ ಇಳಿಸಿದರೆ ಶಕ್ತಿ ಸುಮಾರು ಶೇ 51ಕ್ಕೆ ಬರುತ್ತದೆ, ಹೆಚ್ಚುಕಡಿಮೆ ಅರ್ಧ. ನೀರನ್ನು ಎತ್ತರಕ್ಕೆ ಏರಿಸುವ ಪಂಪ್‌ಗೆ, ಅಥವಾ ಗಾಳಿ ಹೋಗುವ ಡಕ್ಟ್‌ನಲ್ಲಿ ಒಂದೇ ಒತ್ತಡ ಕಾಯುವ ಫ್ಯಾನ್‌ಗೆ ಇಷ್ಟು ಸಿಗುವುದಿಲ್ಲ. ಆದರೂ ನೋಡಿ, ವಿಎಫ್‌ಡಿ (ಮೋಟರ್ ವೇಗ ಏರಿಳಿಸುವ ಸಾಧನ) ಹಾಕಿದ ಎಷ್ಟೋ ಪಂಪ್‌ಗಳು ವರ್ಷವಿಡೀ ಪೂರ್ತಿ ವೇಗದಲ್ಲೇ ಓಡುತ್ತಿರುತ್ತವೆ, ಪಕ್ಕದಲ್ಲಿ ವಾಲ್ವ್ ಅರ್ಧ ಮುಚ್ಚಿರುತ್ತದೆ. ವಾಲ್ವ್ ತೆರೆಯಿರಿ, ವೇಗ ಇಳಿಸಿ. ಡಕ್ಟ್ ಒತ್ತಡದ ಗುರಿಯನ್ನೂ ಸ್ವಲ್ಪ ಸ್ವಲ್ಪ ಇಳಿಸುತ್ತಾ, ಅತಿ ದೂರದ ರೂಮಿಗೆ ಗಾಳಿ ಸಾಕಷ್ಟು ಹೋಗುತ್ತಿದೆಯಾ ಅಂತ ನೋಡುತ್ತಾ ಹೋಗಿ.

ಚಿಲ್ಲರ್‌ನಿಂದ ಹೊರಡುವ ನೀರು ಸಾಮಾನ್ಯವಾಗಿ 6, 7 ಡಿಗ್ರಿಗೆ ಇಟ್ಟಿರುತ್ತಾರೆ. ಸೆಕೆ ಕಡಿಮೆ ಇರುವ ದಿನಗಳಲ್ಲಿ ಅಷ್ಟು ತಂಪು ಬೇಕಿಲ್ಲ. ಪ್ರತಿ ಒಂದು ಡಿಗ್ರಿ ಏರಿಸಿದರೆ ಚಿಲ್ಲರ್ ಸುಮಾರು ಶೇ 2ರಿಂದ 3 ಕಡಿಮೆ ಕರೆಂಟ್ ತಿನ್ನುತ್ತದೆ. ಏರಿಸುವಾಗ ಒಳಗಿನ ತೇವಾಂಶದ ಮೇಲೆ ಕಣ್ಣಿಡಿ, ಜಿಗುಟು ಹವೆಯ ದಿನಗಳಲ್ಲಿ ನೀರು ತಂಪಾಗಿರದಿದ್ದರೆ ಗಾಳಿಯ ತೇವ ಹೋಗುವುದಿಲ್ಲ. ಫ್ಯಾನ್, ಪಂಪ್‌ಗಳ ಖರ್ಚು ಅದರಿಂದ ಏರಿತಾ ಅಂತಲೂ ನೋಡಬೇಕು, ಒಂದರಲ್ಲಿ ಉಳಿಸಿ ಇನ್ನೊಂದರಲ್ಲಿ ಕಳೆದುಕೊಂಡರೆ ಏನು ಬಂತು?

ಫಿಲ್ಟರ್, ಕಾಯಿಲ್ ಕ್ಲೀನ್ ಮಾಡಿಸುವುದು, ಬೆಲ್ಟ್ ಬಿಗಿ ಮಾಡಿಸುವುದು ಎಲ್ಲರಿಗೂ ಗೊತ್ತಿರುವುದೇ. ಮಾಡಿಸಿ.

ಹಂತ 6: ಲೋಡ್ ಇಳಿಸಿ

ಲೈಟ್‌ನಿಂದ ಶುರು ಮಾಡಿ, ಯಾಕೆಂದರೆ ಲೈಟ್ ಉಳಿತಾಯ ಎರಡು ಸಲ ಸಿಗುತ್ತದೆ. ಲೈಟ್ ತಿಂದ ಕರೆಂಟ್ ಎಲ್ಲಾ ಕೊನೆಗೆ ಶಾಖವಾಗಿ ರೂಮಿನಲ್ಲೇ ಉಳಿಯುತ್ತದೆ, ಅದನ್ನು ಹೊರಗೆ ಹಾಕಲು ಎಸಿ ಮತ್ತೆ ದುಡಿಯಬೇಕು. ಎಸಿ ಓಡುವ ಹೊತ್ತಿನಲ್ಲಿ ಲೈಟ್‌ನಲ್ಲಿ ಮೂರು, ನಾಲ್ಕು ಯೂನಿಟ್ ಉಳಿದರೆ ಎಸಿಯಲ್ಲಿ ಸುಮಾರು ಒಂದು ಯೂನಿಟ್ ಉಳಿಯುತ್ತದೆ. ಚಳಿ ಪ್ರದೇಶದಲ್ಲಿ ಹೀಟಿಂಗ್ ಖರ್ಚು ಸ್ವಲ್ಪ ಏರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಳೆ ಟ್ಯೂಬ್ ತೆಗೆದು ಅಷ್ಟೇ ಸಂಖ್ಯೆಯ ಎಲ್‌ಇಡಿ ಹಾಕಿಬಿಡಬೇಡಿ. ಮೊದಲು ಲಕ್ಸ್ ಅಳೆಯಿರಿ. ಆಫೀಸ್ ಮೇಜಿನ ಮೇಲೆ 300ರಿಂದ 500 ಲಕ್ಸ್, ಓಡಾಡುವ ಕಾರಿಡಾರ್‌ಗೆ 100 ಲಕ್ಸ್ ಸಾಕು. ಅನೇಕ ಕಡೆ ಇದರ ಎರಡು ಪಟ್ಟು ಬೆಳಕು ಇರುತ್ತದೆ, ಮತ್ತೆ ಜನ ಕಣ್ಣು ನೋವು ಅನ್ನುತ್ತಿರುತ್ತಾರೆ. ಕಿಟಕಿ ಸಾಲಿನ ಲೈಟ್‌ಗಳಿಗೆ ಬೇರೆ ಸರ್ಕ್ಯೂಟ್ ಮಾಡಿ ಹಗಲು ಬೆಳಕಿನ ಸೆನ್ಸರ್ ಹಾಕಿ. ಶೌಚಾಲಯ, ಸ್ಟೋರ್, ಮೀಟಿಂಗ್ ರೂಮ್‌ಗೆ ಜನ ಇದ್ದರೆ ಮಾತ್ರ ಹೊತ್ತುವ ಸೆನ್ಸರ್. ತುರ್ತು ದೀಪ ಮತ್ತು ಹೊರಹೋಗುವ ದಾರಿಯ ದೀಪದ ತಂಟೆಗೆ ಹೋಗಬೇಡಿ.

ಗಾಜು ಇನ್ನೊಂದು ದೊಡ್ಡ ವಿಷಯ. ಪಶ್ಚಿಮದ ಗಾಜಿನ ಮೂಲಕ ಸಂಜೆ ಬಿಸಿಲು ನೇರ ಒಳಗೆ ಬರುತ್ತದೆ. ಒಳಗಡೆ ಪರದೆ ಹಾಕಿದರೆ ಕಣ್ಣಿಗೆ ಹಿತ, ಆದರೆ ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ಹೊರಗಡೆ ನೆರಳು ಕೊಟ್ಟರೆ ಮಾತ್ರ ಅದು ಹೊರಗೇ ನಿಲ್ಲುತ್ತದೆ. ಬಿಸಿಲ ನಾಡಿನಲ್ಲಿ ಚಾವಣಿಗೆ ಬಿಳಿ ಪ್ರತಿಫಲನದ ಬಣ್ಣ ಕಡಿಮೆ ಖರ್ಚಿನ ಒಳ್ಳೆ ಕೆಲಸ, ಮೇಲಿನ ಮಹಡಿಯವರಿಗೆ ಮೊದಲು ಗೊತ್ತಾಗುತ್ತದೆ. ಹತ್ತು ಮಹಡಿಯ ಕಟ್ಟಡದಲ್ಲಿ ಚಾವಣಿಯಿಂದ ಒಟ್ಟು ಬಿಲ್ ಮೇಲೆ ಆಗುವ ಪರಿಣಾಮ ಚಿಕ್ಕದು, ಒಂದೇ ಮಹಡಿಯ ಸೂಪರ್‌ಮಾರ್ಕೆಟ್‌ನಲ್ಲಿ ದೊಡ್ಡದು.

ಸರ್ವರ್ ರೂಮ್‌ಗಳನ್ನು ಈಗಲೂ 18 ಡಿಗ್ರಿಗೆ ಕೊರೆಯುವಂತೆ ಇಡುವವರು ಇದ್ದಾರೆ. ಎಸಿ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ ಆಶ್ರೇ ಸರ್ವರ್‌ಗಳ ಒಳಗೆ ಹೋಗುವ ಗಾಳಿಗೆ 18ರಿಂದ 27 ಡಿಗ್ರಿವರೆಗೆ ಶಿಫಾರಸು ಮಾಡುತ್ತದೆ. ಬಿಸಿ ಗಾಳಿ, ತಂಪು ಗಾಳಿ ಬೆರೆಯದಂತೆ ಖಾಲಿ ಸಂದುಗಳನ್ನು ಮುಚ್ಚಿ, ಸರ್ವರ್ ಮುಂದಿನ ತಾಪ ನೋಡುತ್ತಾ 24ರವರೆಗೆ ನಿಧಾನವಾಗಿ ಏರಿಸಿ.

ಹಂತ 7: ದೊಡ್ಡ ಯಂತ್ರಗಳ ಆರೋಗ್ಯ ನೋಡಿ

ಚಿಲ್ಲರ್ ಬದಲಾಯಿಸಬೇಕಾ ಅನ್ನುವುದಕ್ಕೆ ಅದರ ವಯಸ್ಸು ಉತ್ತರ ಅಲ್ಲ, ಅಳತೆ ಉತ್ತರ. ಅದರ ಮೂಲಕ ಹೋಗುವ ನೀರಿನ ಹರಿವನ್ನು ಸೆಕೆಂಡಿಗೆ ಇಷ್ಟು ಲೀಟರ್ ಅಂತ ಅಳೆಯಿರಿ, ಒಳಗೆ ಬರುವ ಮತ್ತು ಹೊರಗೆ ಹೋಗುವ ನೀರಿನ ತಾಪದ ವ್ಯತ್ಯಾಸ ಅಳೆಯಿರಿ, ಎರಡನ್ನೂ ಗುಣಿಸಿ 4.19ರಿಂದ ಮತ್ತೆ ಗುಣಿಸಿ. 30 ಲೀಟರ್, 5 ಡಿಗ್ರಿ ಅಂದರೆ ಸುಮಾರು 628 ಕಿಲೋವ್ಯಾಟ್ ತಂಪು. ಎಸಿ ಲೆಕ್ಕದಲ್ಲಿ ಒಂದು ಟನ್ ಅಂದರೆ 3.517 ಕಿಲೋವ್ಯಾಟ್ ತಂಪು, ಹಾಗಾಗಿ ಇದು ಸುಮಾರು 179 ಟನ್. ಆ ಹೊತ್ತಿಗೆ ಚಿಲ್ಲರ್ 150 ಕಿಲೋವ್ಯಾಟ್ ಎಳೆಯುತ್ತಿದ್ದರೆ ಟನ್ನಿಗೆ 0.84 ಕಿಲೋವ್ಯಾಟ್. ನೀರಿನಿಂದ ತಣಿಯುವ ಇಂದಿನ ಒಳ್ಳೆಯ ಚಿಲ್ಲರ್‌ಗಳು 0.5ರಿಂದ 0.6ರ ಆಸುಪಾಸಿನಲ್ಲಿ ಓಡುತ್ತವೆ. ಆದರೂ ತಕ್ಷಣ ಹೊಸದು ಕೊಳ್ಳಬೇಡಿ. ಕಂಡೆನ್ಸರ್ (ಚಿಲ್ಲರ್‌ನ ಶಾಖ ಹೊರಹಾಕುವ ಭಾಗ) ಟ್ಯೂಬ್‌ಗಳಲ್ಲಿ ಪಾಚಿ, ಸುಣ್ಣ ಕಟ್ಟಿದೆಯಾ, ಕೂಲಿಂಗ್ ಟವರ್ ಸರಿಯಾಗಿ ತಣಿಸುತ್ತಿದೆಯಾ, ಚಿಲ್ಲರ್ ಒಳಗಿನ ತಂಪು ಮಾಡುವ ಗ್ಯಾಸ್ ಸರಿಯಾಗಿದೆಯಾ ಅಂತ ನೋಡಿಸಿ, ಕ್ಲೀನ್ ಮಾಡಿಸಿ, ಮತ್ತೆ ಅಳೆಯಿರಿ.

ಮೋಟರ್ ಸುಟ್ಟರೆ ರಿವೈಂಡ್ ಮಾಡಿಸುವ, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸುವ ಅಭ್ಯಾಸ ಎಲ್ಲ ಕಡೆ ಇದೆ. ಸರಿಯಾಗಿ ಮಾಡದಿದ್ದರೆ ಪ್ರತಿ ರಿವೈಂಡ್‌ಗೂ ದಕ್ಷತೆ ಸ್ವಲ್ಪ ಕುಸಿಯುತ್ತದೆ. ಹಗಲಿರುಳು ಓಡುವ ಮೋಟರ್ ಆದರೆ ಸುಟ್ಟಾಗ ಐಇ3 ಅಥವಾ ಐಇ4 ಅನ್ನುವ ಹೆಚ್ಚಿನ ದಕ್ಷತೆಯ ದರ್ಜೆಯದನ್ನೇ ತನ್ನಿ, ಯಾವುದನ್ನು ತರಬೇಕು ಅಂತ ಸುಡುವ ಮೊದಲೇ ಬರೆದಿಡಿ.

ಹೊಗೆಯಲ್ಲಿ ಹೋಗುವ ಶಾಖವನ್ನೂ ಹಿಡಿದು ಗ್ಯಾಸ್ ಉಳಿಸುವ ಕಂಡೆನ್ಸಿಂಗ್ ಬಾಯ್ಲರ್ ಇದ್ದರೆ ವಾಪಸ್ ಬರುವ ನೀರಿನ ತಾಪ ನೋಡಿ. ಅದು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಆ ಬಾಯ್ಲರ್‌ಗೆ ಕೊಟ್ಟ ಹೆಚ್ಚಿನ ಹಣ ಸಾರ್ಥಕ. ಬಳಕೆಯ ಬಿಸಿನೀರಿನ ಟ್ಯಾಂಕ್ ತಾಪ ಮಾತ್ರ ಉಳಿತಾಯಕ್ಕೆ ಅಂತ 60 ಡಿಗ್ರಿಗಿಂತ ಇಳಿಸಬೇಡಿ, ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಪ್ರಾಣಕ್ಕೆ ಅಪಾಯ.

ಹಂತ 8: ಹಣದ ಲೆಕ್ಕ

ಎಷ್ಟು ವರ್ಷದಲ್ಲಿ ಹಣ ವಾಪಸ್ ಬರುತ್ತದೆ ಅನ್ನುವ ಸರಳ ಲೆಕ್ಕ ಶುರುವಿಗೆ ಸಾಕು, ನಿರ್ಧಾರಕ್ಕೆ ಸಾಲದು. ಎರಡು ವರ್ಷದಲ್ಲಿ ವಾಪಸ್ ಬರುವ ಕೆಲಸಗಳನ್ನು ಮಾತ್ರ ಆರಿಸಿ ಮಾಡಿಬಿಟ್ಟರೆ ಉಳಿದ ದೊಡ್ಡ ಕೆಲಸಗಳು ಯಾವತ್ತೂ ಆಗುವುದಿಲ್ಲ. ಲೈಟ್ ಮತ್ತು ಕಂಟ್ರೋಲ್ ಕೆಲಸವನ್ನು ಕಿಟಕಿ ಅಥವಾ ಚಿಲ್ಲರ್ ಕೆಲಸದ ಜೊತೆ ಸೇರಿಸಿ ಒಂದೇ ಪ್ರಸ್ತಾವ ಮಾಡಿ, ಬೇಗ ವಾಪಸ್ ಬರುವುದು ತಡವಾಗಿ ಬರುವುದನ್ನು ಹೊರುತ್ತದೆ. ಇಪ್ಪತ್ತು ವರ್ಷದ ಒಟ್ಟು ಖರ್ಚನ್ನು ಪಕ್ಕಪಕ್ಕ ಇಟ್ಟು ತೋರಿಸಿ: ಕೊಳ್ಳುವುದು, ಕರೆಂಟ್, ರಿಪೇರಿ.

ಬಾಡಿಗೆ ಕಟ್ಟಡವಾದರೆ ತೊಡಕು ಬೇರೆ. ಹಣ ಹಾಕುವವರು ಮಾಲೀಕರು, ಬಿಲ್ ಇಳಿಯುವುದು ಬಾಡಿಗೆದಾರರಿಗೆ, ಹಾಗಾಗಿ ಯಾರೂ ಮುಂದೆ ಬರುವುದಿಲ್ಲ. ಉಳಿತಾಯ ಹೇಗೆ ಹಂಚಿಕೊಳ್ಳಬೇಕು ಅಂತ ಒಪ್ಪಂದದಲ್ಲೇ ಬರೆದುಕೊಂಡರೆ ಇದು ಬಗೆಹರಿಯುತ್ತದೆ.

ಸೋಲಾರ್ ಹಾಕಿ, ಖಂಡಿತ ಹಾಕಿ. ಆದರೆ ಮೇಲಿನದೆಲ್ಲ ಆದ ಮೇಲೆ. ಆಗ ಅದೇ ಚಾವಣಿ ನಿಮ್ಮ ಬಳಕೆಯ ಜಾಸ್ತಿ ಪಾಲನ್ನು ತುಂಬುತ್ತದೆ.

ಹಂತ 9: ಉಳಿದಿದ್ದು ನಿಜವಾ?

ಬಿಲ್ ಇಳಿದರೆ ಉಳಿತಾಯ ಆಯಿತು ಅಂತ ಅಲ್ಲ, ಆ ವರ್ಷ ಸೆಕೆ ಕಡಿಮೆ ಇದ್ದಿರಬಹುದು. ಸೆಕೆ ಜಾಸ್ತಿಯಾಗಿ ಬಿಲ್ ಏರಿದರೂ ಉಳಿತಾಯ ಆಗಿರಬಹುದು. ಇದಕ್ಕೆ ಪರಿಹಾರ, ಕೆಲಸಕ್ಕೆ ಮುಂಚಿನ 12 ತಿಂಗಳ ಯೂನಿಟ್‌ಗಳನ್ನು ಆಯಾ ತಿಂಗಳ ಹವೆಯ ಎದುರು ಒಂದು ಚುಕ್ಕಿ ಚಿತ್ರದಲ್ಲಿ ಹಾಕುವುದು. ಹವೆಗೆ ಡಿಗ್ರಿ ದಿನ ಅನ್ನುವ ಅಳತೆ ಬಳಸುತ್ತಾರೆ, ಅಂದರೆ ಪ್ರತಿ ದಿನದ ಸರಾಸರಿ ತಾಪ ಒಂದು ಗೊತ್ತಾದ ಮಟ್ಟಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇತ್ತು ಅನ್ನುವುದರ ಮೊತ್ತ. ಸ್ಪ್ರೆಡ್‌ಶೀಟ್ ಒಂದು ಗೆರೆ ಎಳೆದುಕೊಡುತ್ತದೆ. ಕೆಲಸ ಆದ ಮೇಲೆ ಪ್ರತಿ ತಿಂಗಳು ಆ ಗೆರೆ ಹೇಳುವ ಸಂಖ್ಯೆಗೂ ನಿಜವಾದ ಬಿಲ್‌ಗೂ ಇರುವ ಅಂತರವೇ ಉಳಿತಾಯ. ಹೊಸ ಬಾಡಿಗೆದಾರರು ಬಂದರೆ, ಪಾಳಿ ಬದಲಾದರೆ ಗೆರೆಯನ್ನೂ ತಿದ್ದಬೇಕು. ಉಳಿತಾಯ ತೋರಿಸಿ ಹಣ ಪಡೆಯುವ ಕಂಪನಿ ಜೊತೆ ಒಪ್ಪಂದ ಇದ್ದರೆ ಈ ವಿಧಾನವನ್ನು ಕೆಲಸ ಶುರುವಾಗುವ ಮುಂಚೆಯೇ ಕಾಗದದಲ್ಲಿ ಬರೆಸಿ. ಐಪಿಎಂವಿಪಿ ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಇರುವುದು ಇದಕ್ಕೇ.

ಬದಲಾಯಿಸಿದ ಪ್ರತಿ ಸೆಟ್ಟಿಂಗ್‌ಗೂ ಒಂದು ಪುಸ್ತಕ ಇಡಿ. ಮುಂಚೆ ಎಷ್ಟಿತ್ತು, ಈಗ ಎಷ್ಟು, ಯಾಕೆ, ಯಾರು, ಯಾವ ದಿನ. ಪ್ಲಾಂಟ್ ರೂಮಿನಲ್ಲೇ ಅದು ಇರಲಿ. ದೂರು ಬಂದ ರಾತ್ರಿ ಆಪರೇಟರ್ ಏನನ್ನಾದರೂ ಹ್ಯಾಂಡ್‌ಗೆ ತಿರುಗಿಸಲೇಬೇಕಾದರೆ ತಿರುಗಿಸಲಿ, ಆದರೆ ಪುಸ್ತಕದಲ್ಲಿ ಬರೆಯಲಿ, ಮತ್ತು ವಾರಕ್ಕೊಮ್ಮೆ ಒಬ್ಬರು ಆ ಸಾಲುಗಳನ್ನು ಓದಿ ವಾಪಸ್ ಆಟೋಗೆ ತರಲಿ. ಆ ಒಬ್ಬರು ಯಾರು ಅಂತ ಹೆಸರು ಹಾಕಿ ನಿಗದಿ ಮಾಡಿ, ಮತ್ತು ತಿಂಗಳಿಗೊಮ್ಮೆ ರಾತ್ರಿ ಲೋಡ್ ಗ್ರಾಫ್ ತೆಗೆದು ನೋಡುವ ಕೆಲಸವನ್ನೂ ಅವರಿಗೇ ಕೊಡಿ.